ಗೋಧಿ ಕಣಜದ ಮೇಲೆ ಮರ್ಲ್ ಅಜ್ಜಿ

ವಿಮ್ಮೆರಾ ಬಯಲಲ್ಲಿ
ರೈಲು ಮರೆತುಹೋದ ಗೋಧಿ ಕಣಜ;
ಅದರ ಸಿಮೆಂಟು ಮೈಮೇಲೆ
ನೂರಡಿ ಎತ್ತರಕ್ಕೆ
ಮರ್ಲ್ ಅಜ್ಜಿಯ ಮುಖ ಏರುತ್ತಿದೆ.

ಕೆಳಗೆ ಮಡಚುಕುರ್ಚಿಯಲ್ಲಿ ಅಸಲಿ ಮರ್ಲ್,
ಕೈಯಲ್ಲಿ ಆರಿದ ಚಹಾ:
"ಮೂಗು ನನ್ನದಲ್ಲ, ನಮ್ಮಕ್ಕನದು.
ಇರಲಿ ಬಿಡು, ಅವಳೂ ಬರಲಿ."

ಜೌಗು ಬತ್ತಿಸಲು ಬಂದ ಯಂತ್ರದೆದುರು
ಹನ್ನೊಂದು ದಿನ ಕೂತದ್ದೂ
ಇದೇ ಕುರ್ಚಿ.
ಆಗ ಊರು ಬಾಗಿಲು ಹಾಕಿಕೊಂಡಿತ್ತು;
ಈಗ ಕೇಕು ತಂದಿದೆ.

ಕ್ರೇನಿನ ತೊಟ್ಟಿಲಿಂದ ಹುಡುಗ ಕೂಗುತ್ತಾನೆ:
"ಕಣ್ಣಿಗೆ ಯಾವ ಬಣ್ಣ?"
ಅಜ್ಜಿ ಮೇಲೆ ನೋಡುವುದಿಲ್ಲ.
ಜೌಗಿನ ಕಡೆ ಗದ್ದ ತಿರುಗಿಸುತ್ತಾಳೆ.
ಅಲ್ಲಿ ಎರಡು ಬ್ರೋಲ್ಗಾ ಕೊಕ್ಕರೆ
ಕಾಲೆತ್ತಿ, ಇಳಿಸಿ, ಮತ್ತೆ ಎತ್ತಿ...

"ಆ ನೀರಿನದು.
ಕಲಕಿದ್ದಲ್ಲ,
ಕೆಸರು ಕೂತ ಮೇಲಿನದು."