ಎರಡು ಕಡಲು

ಮುಹರ್ರಕ್‌ನ ಲ್ಯಾಬಿಗೆ ಬೆಳಗಿನ ಆರೂವರೆಗೆ
ಬಂತು ಉಮ್ಮರಬ್ಬನ ರಕ್ತ,
ನೇರಳೆ ಮುಚ್ಚಳದ ಕೊಳವೆಯಲ್ಲಿ ಮೂರು ಮಿಲಿ.
ಕಸಿಯಾಗಿ ಇಂದಿಗೆ ಇನ್ನೂರ ಹನ್ನೊಂದು ದಿನ.

ಲೇಸರಿನ ಮುಂದೆ ಒಂದೊಂದಾಗಿ ಹಾಯುತ್ತವೆ ಕಣಗಳು,
ಪರದೆಯ ಮೇಲೆ ಚುಕ್ಕಿ, ಚುಕ್ಕಿ.
ನನ್ನದು ಎಣಿಸುವ ಕೆಲಸ. ಅರ್ಥ ಹೇಳುವುದು ಡಾಕ್ಟರರದು.

ಆದರೂ ಹದಿನಾಲ್ಕು ವರ್ಷ ನೋಡಿದ ಕಣ್ಣು ಸುಮ್ಮನಿರದು:
ಮೊದಲು ಬರುವವು ಕೊಲ್ಲುವ ಕಣಗಳು, ಹೆಸರೂ ಕೇಳದವು.
ತಿಂಗಳುಗಳು ಕಳೆದು, ಪ್ರತಿಕಾಯ ಹೆಣೆಯುವವು.
ಎಲ್ಲಕ್ಕಿಂತ ತಡ, ಗುರುತು ಹಿಡಿದು ದಾರಿ ತೋರುವ ಟಿ ಕಣಗಳು.
ಅವು ಕಲಿಯುವ ಶಾಲೆ ಎದೆಮೂಳೆಯ ಹಿಂದಿದೆ;
ನಲವತ್ತಾರರ ಪ್ರಾಯಕ್ಕೆ ಅದು
ಮಾಡು ಸೋರುವ ಏಕೋಪಾಧ್ಯಾಯ ಶಾಲೆ.
ಹೋದ ತಿಂಗಳು ತೊಂಬತ್ತಾರು. ಇಂದು ನೂರ ಎಂಬತ್ತು.
ಮಾಸ್ತರು ಇನ್ನೂ ಬೀಗ ಹಾಕಿಲ್ಲ.

ಕೊಟ್ಟವಳು ಅಕ್ಕ, ನೆಬೀಸಾ.
ಹನ್ನೆರಡು ವರ್ಷ ಮಾತಿರಲಿಲ್ಲವಂತೆ, ಒಂದು ಬಾವಿಯ ಪಾಲಿಗೆ.
ವಿಮಾನ ಇಳಿದು ಬಂದು, ಐದು ದಿನ ತೋಳಿಗೆ ಚುಚ್ಚಿಸಿಕೊಂಡು,
ಯಂತ್ರದ ಪಕ್ಕ ನಾಲ್ಕು ಗಂಟೆ ಮಲಗಿ
ಚೀಲ ತುಂಬಿದ ಮೇಲೆ ಕೇಳಿದಳು:
"ಅವನಿಗೆ ಊಟ ಸೇರ್ತದಾ?"

ಈಗ ಅವನ ರಕ್ತ ಓ ಅಲ್ಲ, ಬಿ.
ಈಗ ಸಿಗಡಿ ತಿಂದರೆ ತುಟಿ ಊದುತ್ತದೆ.
ಬಂದರಿನ ಕ್ರೇನಿನ ಮೇಲೆ ಕೂತು ಇಪ್ಪತ್ತು ವರ್ಷ
ಸಿಗಡಿ ಸುಕ್ಕದ ಬುತ್ತಿ ಉಂಡವನಿಗೆ!
ಆ ಅಲರ್ಜಿ ಅಕ್ಕನದು, ಚಿಕ್ಕಂದಿನದು.
ತನ್ನ ದಡಾರ ಮರೆತ ಮೈಗೆ
ಅವಳ ಸಿಗಡಿ ನೆನಪಿದೆ.

ಮರೆತದ್ದನ್ನು ಮೊದಲಿಂದ ಕಲಿಸಬೇಕು.
ಕೆಳಮಹಡಿಯ ಲಸಿಕೆ ಕೋಣೆಯಲ್ಲಿ, ಕೂಸುಗಳೆಲ್ಲ ಹೋದ ಮೇಲೆ,
ಗೋಡೆಯ ಆನೆಯ ಚಿತ್ರದ ಕೆಳಗೆ
ಮೀಸೆ ಮತ್ತೆ ಚಿಗುರುತ್ತಿರುವ ಗಂಡಸು ತೋಳು ಚಾಚುತ್ತಾನೆ
ನಾಯಿಕೆಮ್ಮಿಗೆ, ಧನುರ್ವಾಯುವಿಗೆ, ಪೋಲಿಯೋಗೆ.
ಸೂಜಿ ಕಂಡರೆ ಮುಖ ತಿರುಗಿಸುತ್ತಾನೆ.
ನರ್ಸು ಅಭ್ಯಾಸಬಲದಿಂದ
ಅವನ ಅಂಗಿಗೂ ಒಂದು ನಕ್ಷತ್ರ ಅಂಟಿಸಿದಳು.

ನಮ್ಮ ವ್ಯಾನಿನ ಮುದುಕ ಡ್ರೈವರ್ ಹೇಳುತ್ತಿದ್ದ:
ಇಲ್ಲಿ ಉಪ್ಪು ಕಡಲ ತಳದಲ್ಲಿ ಸಿಹಿನೀರ ಒರತೆಗಳಿದ್ದವಂತೆ,
ಮುಳುಗಿ, ತೊಗಲಚೀಲದಲ್ಲಿ ಹಿಡಿದು ತರುತ್ತಿದ್ದರಂತೆ.
ಬಹ್ರೇನ್ ಅಂದರೆ ಎರಡು ಕಡಲು.

ವರದಿಯಲ್ಲಿ ಬರೆಯುತ್ತೇನೆ: ದಾನಿ ತೊಂಬತ್ತೇಳು, ಸ್ವಂತ ಮೂರು.
ಆ ಮೂರು ಹಳೆಯ ರೋಗದ ಹೊಂಚೋ
ಬರೀ ಉಮ್ಮರಬ್ಬನೋ
ಯಂತ್ರ ಹೇಳುವುದಿಲ್ಲ. ಮುಂದಿನ ತಿಂಗಳು ಮತ್ತೆ ಎಣಿಸಬೇಕು.

ಶುಕ್ರವಾರ ಶುಕ್ರವಾರ ಅಕ್ಕ ಫೋನು ಮಾಡಿ
ಸಿಗಡಿ ಮುಟ್ಟಿದರೆ ನೋಡು ಎಂದು ಗದರುತ್ತಾಳಂತೆ.
ಬಾವಿಯ ಮಾತು
ಇಬ್ಬರೂ ಇನ್ನೂ ಎತ್ತಿಲ್ಲ.