ಇಪ್ಪತ್ತೇಳು ಹಲ್ಲು

ವಹಿಯಾಗ ರೇವಪ್ಪ ಬರದದ್ದು ಒಂದ ಸಾಲು:
ಎರಡನೇ ಗೇರು, ಹಳೇದು, ಎರಡು ಸಾವಿರದ ಆರನೂರು.
ಕೆಳಗ ಗೆರಿ ಎಳದು ಪೆನ್ನು ಕಿವಿಗೆ ಸಿಗಿಸಿಕೊಂಡ.
ಹೊಸಾದಕ್ಕ ಹನ್ನೊಂದು ಸಾವಿರ ಹೇಳಿದ್ರು,
ಎಂಟು ಸಾವಿರದ ನಾಕನೂರು ಉಳೀತು ನೋಡು, ಅಂದ.
ಉಳದದ್ದು ಯಾವ ಡಬ್ಬಿಯಾಗೈತಿ ಅಂತ ನಾ ಕೇಳಲಿಲ್ಲ.
ಅಂವ ಮಲಗಿದ ಮ್ಯಾಲೆ ಪೆನ್ನು ತಗೊಂಡೆ.

ಮೊದಲನೇ ಬುಧವಾರ, ಪುಣೆಯ ಜುನಾ ಬಜಾರ.
ವಾಘೋಲಿಯಿಂದ ಬಸ್ಸಿನಾಗ ನಿಂತು ಹೋದಿವಿ, ನಾನೂ ಜೋಡಿಗೆ.
ನನಗ ಮರಾಠಿ ಚೌಕಾಸಿ ಬರತೈತಿ, ಅವನಿಗೆ ಕಬ್ಬಿಣ ತಿಳೀತೈತಿ.
ತಾಡಪತ್ರಿ ಮ್ಯಾಲೆ ಹರವಿದ್ರು: ಬೀಗ ಕಳಕೊಂಡ ಕೀಲಿ,
ಪಂಪಿನ ಪಿಸ್ಟನ್ನು, ಯಾರೋ ಓಡಿ ಗೆದ್ದ ಪದಕ,
ಬಾಗಿದ ಸ್ಪ್ಯಾನರು, ಎಡಗಾಲಿನ ಬೂಟು ಮಾತ್ರ.
ಗೇರು ಸಿಕ್ಕಿತು. ಎಣ್ಣಿ ಮೆತ್ತಿಕೊಂಡು ಕರ್ರಗ ಹೊಳೀತಿತ್ತು.
ಮನ್ಯಾಗ ಶಾಂಭವಿ ಸೀಮೆಸುಣ್ಣ ಹಿಡದು
ಒಂದೊಂದ ಹಲ್ಲಿಗೆ ಗುರುತು ಹಾಕಿ ಎಣಿಸಿದಳು:
ಇಪ್ಪತ್ತಾರು.
ಇನ್ನೊಮ್ಮೆ ಎಣಿಸು, ಅಂದ.
ಇಪ್ಪತ್ತಾರ, ಅಪ್ಪಾ.

ಹಂಗಾದರ ಬರಕೊ: ದಂಡಕ್ಕ ಹೋದ ಒಂಬೈನೂರು,
ಎರಡು ಮನಿ ಚಪಾತಿ ಕೆಲಸದ ರಜಾ,
ಬಜಾರದ ತುದಿಗೆ ಕುಡದ ಚಾ.
ಚಾ ಬ್ಯಾಡ. ಅದು ನಾವು ನಕ್ಕೋತ ಕುಡದದ್ದು.

ಟ್ರ್ಯಾಕ್ಟರು ಹದಿನೇಳು ದಿವಸ ಬೇವಿನ ಗಿಡದ ಕೆಳಗ ನಿಂತಿತ್ತು,
ಹಿಂದ ಖಾಲಿ ಟ್ಯಾಂಕರು. ಸೀಟಿನ ಕೆಳಗ ಬೆಕ್ಕು ಮರಿ ಹಾಕಿತು.
ಹದಿನಾಲ್ಕು ಅಂತಸ್ತಿನ ಸೊಸೈಟಿಯವರು
ಎರಡು ದಿವಸ ನೀರಿಗಂತ ಫೋನ್ ಮಾಡಿದ್ರು.
ಮೂರನೇ ದಿವಸ ಮಾಡಲಿಲ್ಲ.
ಬಾರದ ಫೋನಿಗೆ ಎಷ್ಟಂತ ಹಾಕಲಿ?
ಆ ಜಾಗಾ ಹಂಗ ಬಿಟ್ಟೇನಿ.

ಬಬನ್ ಮಿಸ್ತ್ರಿಯ ಕಡೆ ಅಳತಿ ನೋಡಾಕ ಇಸಗೊಂಡ ವರ್ನಿಯರು
ಭೋಸರಿಯ ಯಾವುದೋ ಗುಜರಿ ರಾಶಿಯಾಗ ಬಿತ್ತು.
ಅದು ಅವನ ವಸ್ತಾದ ಕೊಟ್ಟದ್ದು.
ಹೋಗಲಿ ಬಿಡು, ಅಂದ ಮಿಸ್ತ್ರಿ.
ಅಂದಿನಿಂದ ನಮ್ಮ ಓಣಿಗೆ ಬಂದ್ರ ಚಾ ಒಲ್ಲೆ ಅಂತಾನ.

ಅದ ತಿಂಗಳು ನನ್ನ ದವಡಿ ಹಲ್ಲಿನಾಗ ನೋವು ಎದ್ದಿತು.
ಉಳಸಬೇಕಂದ್ರ ನಾಕು ಸಾವಿರ, ಕಿತ್ತರ ಐದನೂರು,
ಅಂದ್ಲು ಡಾಕ್ಟರ್ ಬಾಯಿ.
ಕೀಳ್ರಿ, ಅಂದೆ.
ಇದನ್ನ ಬರದು ಮ್ಯಾಲೆ ಗೀಟು ಎಳದೇನಿ. ಆದರೂ ಕಾಣತೈತಿ.

ಕಡೀಗೆ ಗೇರು ಕೊಟ್ಟಾಂವ ಲತೀಫ್.
ಅವನ ಅಂಗಳದಾಗ ಹೊಸದಾಗಿ ಬಿಚ್ಚಿದ ಟ್ರ್ಯಾಕ್ಟರು,
ಬಾನೆಟ್ಟಿಗೆ ಇನ್ನೂ ದಸರೆಯ ಚೆಂಡುಹೂವಿನ ದಾರ,
ಹಿಂದಿನ ಮಡಗಾರ್ಡಿಗೆ ಯಾವುದೋ ಕೂಸಿನ ಹೆಸರು, ಅರ್ಧ ಕೆರದದ್ದು.
ಇದರ ಮಾಲಕ? ಅಂತ ಕೇಳಿದ ರೇವಪ್ಪ.
ಲತೀಫ್ ತಕ್ಕಡಿಯ ಮುಳ್ಳು ನೋಡಿದ.
ನಾ ಚೌಕಾಸಿ ಬಿಟ್ಟೆ. ಹೇಳಿದಷ್ಟು ಕೊಟ್ಟಿವಿ.
ಇನ್ನೂ ಇನ್ನೂರು ಇಳೀತಿತ್ತು. ಅದನ್ನೂ ಬರದೇನಿ.

ಈಗ ಗಾಡಿ ಓಡತೈತಿ. ಇಪ್ಪತ್ತೇಳಕ್ಕ ಇಪ್ಪತ್ತೇಳು.
ಆದರ ಎರಡನೇ ಗೇರಿನ್ಯಾಗ ಏರು ಹತ್ತುವಾಗ ಒಂದು ಸಪ್ಪಳ,
ಮೊದಲ ಇರಲಿಲ್ಲ,
ಯಾವುದೋ ಕೈ ಯಾವುದೋ ಘಾಟಿನಾಗ ಕಲಿಸಿದ್ದು.
ರೊಟ್ಟಿ ಬಡಿಯೂದು ನಿಲ್ಲಿಸಿ ಕೇಳತೀನಿ:
ಮೂರು ತಿರುವು ಆಚೆ ಅದಾನ.
ನಾಲಿಗಿ ತನಗ ತಾನ ಖಾಲಿ ಜಾಗಾಕ್ಕ ಹೋಗತೈತಿ.

ಇಪ್ಪತ್ತಾರರ ಗೇರು, ಗಾಳಿಗೆ ಬಡಕೊಳ್ಳೋ ಬಾಗಲಕ್ಕ
ಒತ್ತು ಕೊಟ್ಟು ಇಟ್ಟೇವಿ.
ಸುಣ್ಣದ ಗುರುತು ಅಳಿಸಿಲ್ಲ.
ದಾಟುವಾಗೆಲ್ಲ ಶಾಂಭವಿ ಕುಂತು ಎಣಿಸತಾಳ,
ಇವತ್ತರ ಒಂದು ಹೆಚ್ಚಾಗಿರಬಹುದು ಅಂತ.