ಮಡಿ ಒಣಗುವ ಹೊತ್ತು

ಮಂಗಳವಾರ, ಬೆಳಗಿನ ಜಾವ ಮೂರೂಕಾಲು.
ಶಿವಮೊಗ್ಗದ ಆಸ್ಪತ್ರೆ, ಎರಡನೇ ಮಹಡಿ, ಹೆಂಗಸರ ವಾರ್ಡು.
ಹದಿನೇಳನೇ ಮಂಚದ ಚಾಂದಬಿಗೆ ನೂರಾಮೂರು ಜ್ವರ.
ಗಾಂಧಿ ಬಜಾರಿನ ಒಳಗಲ್ಲಿಯಲ್ಲಿ
ನಲವತ್ತು ವರ್ಷ ಬಳೆ ತೊಡಿಸಿದ ಕೈ
ಈಗ ನನ್ನ ಕೈಯಲ್ಲಿದೆ,
ನರ ಸಿಗುತ್ತಿಲ್ಲ.

"ಹೆಬ್ಬೆರಳ ಬುಡ ಒತ್ತಿ ಹಿಡಿ ಬೇಟಿ,
ಕೈ ತಾನೇ ಸಡಿಲ ಬಿಡುತ್ತೆ" ಎಂದಳು,
ಸೂಜಿಯೂ ಒಂದು ಬಳೆ ಎಂಬಂತೆ.

ಒರೆಸಿದೆ. ಒಣಗಲು ಮೂವತ್ತು ಸೆಕೆಂಡು ಬಿಡಬೇಕು,
ಗೋಡೆಯ ಮೇಲೆ ಕೆಂಪು ಮಸಿಯಲ್ಲಿ ಬರೆದೇ ಇದೆ.
ಆರನೇ ಮಂಚದವಳು ವಾಂತಿ ಮಾಡಿಕೊಂಡಳು.
ಹನ್ನೊಂದರ ಡ್ರಿಪ್ಪು ಖಾಲಿ.
ಇಡೀ ವಾರ್ಡಿಗೆ ನಾನೊಬ್ಬಳೇ ಇದ್ದೆ
ಎಂದು ಬರೆದರೆ ನೆಪ,
ಬರೆಯದಿದ್ದರೆ ಸುಳ್ಳು.
ಎಂಟೋ ಒಂಬತ್ತೋ ಎಣಿಸಿರಬೇಕು.
ಆಮೇಲೆ, ನರ ಅಲ್ಲೇ ಇದೆಯೇ ಎಂದು
ತೋರುಬೆರಳಿನಿಂದ ಇನ್ನೊಮ್ಮೆ ಮುಟ್ಟಿದೆ.

ಅಷ್ಟೇ.
ಬೀಗ ಹಾಕಿದ ಮೇಲೂ ಜಗ್ಗಿ ನೋಡುವುದಿಲ್ಲವೇ, ಹಾಗೆ.

ಬುಧವಾರ ಲ್ಯಾಬಿನಲ್ಲಿ ಬಾಟಲಿ ಕೂಗಿತು.
ಸುರೇಂದ್ರ ಶೇಟ್ ಫೋನಿನಲ್ಲಿ ಹೇಳಿದ:
"ಹದಿನೇಳು ಪಾಸಿಟಿವ್. ನೇರಳೆ ಬಣ್ಣ, ದ್ರಾಕ್ಷಿಗೊಂಚಲು."
ಸೀರೆಯ ಅಂಚು ವರ್ಣಿಸಿದ ಹಾಗಿತ್ತು.
ಎರಡು ಕೈಯಿಂದ ತೆಗೆಯಬೇಕಿತ್ತು, ಒಂದೇ ತೆಗೆದಿದ್ದೆ.
ಒಬ್ಬನೇ ಸಾಕ್ಷಿ. ಅವನ ಮಾತು ನಿಜವೇ ಎಂದು
ಕೇಳಲು ಇನ್ನೊಬ್ಬನಿಲ್ಲ.
ಅರವತ್ತೆಂಟರ ಜೀವ, ಸಕ್ಕರೆ ಕಾಯಿಲೆ ಬೇರೆ,
ಕಾಯೋಣ ಎನ್ನುವ ಧೈರ್ಯ ಯಾರಿಗೆ?
ಡಾಕ್ಟರ್ ವಾಗ್ದೇವಿ ವ್ಯಾಂಕೋಮೈಸಿನ್ ಬರೆದರು.

ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎನ್ನುತ್ತಾರೆ.
ಇಲ್ಲಿ ಗುಬ್ಬಿಯೂ ಇರಲಿಲ್ಲ,
ಕೊಂಬೆ ಮಾತ್ರ ಇತ್ತು.

ಮೊದಲ ದಿನ ಕತ್ತು ಕೆಂಪೇರಿ ತುರಿಸಿಕೊಂಡಳು.
ಮೂರನೇ ದಿನ ಮೂತ್ರ ಇಳಿಯಿತು,
ಕಿಡ್ನಿಯ ಲೆಕ್ಕ ಏರಿತು.
ಗೌರಿ ಹಬ್ಬಕ್ಕೆ ಆರೇ ದಿನ;
ವರ್ಷದ ಅರ್ಧ ವ್ಯಾಪಾರ ಆಗುವ ವಾರ
ಅಂಗಡಿಯ ಷಟರು ಇಳಿದೇ ಇತ್ತು.
ಮೊಮ್ಮಗಳು ಶಬೀನ ಔಷಧಿ ಚೀಟಿಯ ಹಿಂದೆ
ಬಾಡಿಗೆ ಕೂಡಿ ಕಳೆಯುತ್ತಿದ್ದಳು.
ಜ್ವರ ಎರಡನೇ ದಿನವೇ ಬಿಟ್ಟಿತ್ತು,
ಹೇಳದೆ ಬಂದ ಹಾಗೆ ಹೇಳದೆ ಹೋಗಿತ್ತು.

ಮತ್ತೆ ತೆಗೆದ ರಕ್ತ, ಈ ಸಲ ಎರಡೂ ಕೈಯಿಂದ,
ಏನೂ ಬೆಳೆಯಲಿಲ್ಲ.
ಮೊದಲ ಬಾಟಲಿಯಲ್ಲಿದ್ದದ್ದು ಚರ್ಮದ ಹಳೆಯ ಒಕ್ಕಲು,
ನನ್ನದೋ, ಅವಳದೋ,
ಮುಟ್ಟಿದ ಬೆರಳಿಗೆ ಗೊತ್ತು.
ಶೇಟ್ ರಿಜಿಸ್ಟರಿನಲ್ಲಿ 'ಕಂಟಾಮಿನೇಶನ್' ಎಂದು ಬರೆದ.
ಯಾರಿಂದ ಎಂಬ ಕಾಲಂ ಇಲ್ಲ.

ಅಜ್ಜಿ ಮಡಿಸೀರೆಯನ್ನು ಕೋಲಿನಿಂದ ಹರವಿ
ಕೋಲಿನಿಂದಲೇ ತೆಗೆಯುತ್ತಿದ್ದಳು.
ಒಣಗುವವರೆಗೆ ಯಾರೂ ಮುಟ್ಟಬಾರದು.
ಒಮ್ಮೆ ಬೇಕೆಂದೇ ಮುಟ್ಟಿ ಓಡಿದ್ದೆ,
ಓಡಿ ಓಡಿ ಕೊನೆಗೆ ನರ್ಸಿಂಗ್ ಶಾಲೆ ಸೇರಿದೆ.
ಚಾಂದಬಿಯಂಥವರು ಬಂದರೆ
ಜಗಲಿಯ ತುದಿಯಲ್ಲೇ ಕೂರಿಸಿ, ಕೈ ನೀಡಿ,
ಡಜನ್ ಹಸಿರು ಬಳೆ ತೊಡಿಸಿಕೊಂಡು
ಮಾತಿಲ್ಲದೆ ಬಚ್ಚಲಿಗೆ ನಡೆಯುತ್ತಿದ್ದಳು.
ಅಜ್ಜೀ, ಈ ಸಲ ಮುಟ್ಟಿದ್ದು ನಾನು.
ಮೈಲಿಗೆಯಾದದ್ದು
ಅವಳ ಹೆಸರು ಬರೆದ ರಕ್ತ.
ಎಷ್ಟು ಕೊಡ ನೀರು ಸುರಿದುಕೊಳ್ಳಲಿ?

ಹೊರಡುವ ದಿನ ಚಾಂದಬಿ
ನನ್ನ ಬೋಳು ಮಣಿಕಟ್ಟು ಹಿಡಿದು ಅಳೆದಳು.
"ಎರಡು-ನಾಲ್ಕು. ಸೋಪು ಬೇಡ, ಎಣ್ಣೆ ಬೇಡ,
ಬಾ, ನೋವಾಗದ ಹಾಗೆ ತೊಡಿಸ್ತೀನಿ."
ಡ್ಯೂಟಿಯಲ್ಲಿ ಬಳೆ ಹಾಕುವಂತಿಲ್ಲ ಎಂದೆ.
ಹೇಳಬೇಕಾದದ್ದು ಅದಲ್ಲ.

ಇವತ್ತು ಇಪ್ಪತ್ತೆರಡನೇ ಮಂಚ.
ಕಾಲೇಜಿನ ಹುಡುಗಿ, ನಡುಗುತ್ತಿದ್ದಾಳೆ.
ಒರೆಸಿದ್ದೇನೆ.
ಯಾವುದೋ ಮಂಚದಿಂದ ಸಿಸ್ಟರ್ ಎಂದು ಕೂಗು.
ಹನ್ನೆರಡು, ಹದಿಮೂರು.
ನರ ಜಾರಿತೇನೋ, ಒಂದೇ ಸಲ ನೋಡಲೇ
ಎನ್ನುತ್ತಿದೆ ಬೆರಳು.
ಮತ್ತೆ ಕೂಗು.
ಹದಿನಾಲ್ಕು.